ಕಾಡು, ಕೆರೆ, ಬಯಲು ಕಾಯುವ ಕೆಲಸಕ್ಕೆ ಯಾವ ಓದು?

ಪಿಯುಸಿ ಫಲಿತಾಂಶ ಪ್ರಕಟವಾದ ವಾರ ಮಾಣಿಕನಗರದಂಥ ಊರಿನಲ್ಲಿ ಸಲಹೆಗೆ ಬರವಿಲ್ಲ. ಡಾಕ್ಟರ್ ಓದಿಸಿ, ಎಂಜಿನಿಯರಿಂಗ್‌ಗೆ ಹಾಕಿ, ಏನೂ ಆಗದಿದ್ದರೆ ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಮಾಡಲಿ ಎನ್ನುವವರ ನಡುವೆ ಹುಡುಗನೋ ಹುಡುಗಿಯೋ 'ನನಗೆ ಕಾಡು, ಪ್ರಾಣಿ, ಕೆರೆಗಳ ಕೆಲಸ ಬೇಕು' ಎಂದರೆ ಮನೆಯವರು ಸುಮ್ಮನಾಗುತ್ತಾರೆ. ಬೇಡವೆಂದಲ್ಲ; ಅದಕ್ಕೆ ಏನು ಓದಬೇಕೆಂದು ಹೇಳಬಲ್ಲವರು ಹತ್ತಿರದಲ್ಲಿ ಇರುವುದಿಲ್ಲ. 'ಗಾರ್ಡ್ ಆಗುವುದಕ್ಕೆ ಇಷ್ಟು ಓದು ಯಾಕೆ?' ಎಂದು ಒಬ್ಬರು ನಗುತ್ತಾರೆ. 'ಐಎಫ್‌ಎಸ್ ಬರೆಯಲಿ ಬಿಡಿ, ಯಾವ ಡಿಗ್ರಿಯಾದರೂ ನಡೆಯುತ್ತದೆ' ಎಂದು ಇನ್ನೊಬ್ಬರು ಧೈರ್ಯ ತುಂಬುತ್ತಾರೆ. ಎರಡೂ ಮಾತು ತಪ್ಪು. ಎರಡನೆಯದು ಹೆಚ್ಚು ಅಪಾಯದ್ದು. ಅದನ್ನು ನಂಬಿ ಬಿ.ಎ. ಸೇರಿದವರಿಗೆ ಬಾಗಿಲು ಮುಚ್ಚಿದ್ದು ಗೊತ್ತಾಗುವುದು ಮೂರು ವರ್ಷ ಕಳೆದ ಮೇಲೆ.

ಮೊದಲು ಕೆಲಸ ಎಂಥದ್ದು ಎಂಬುದನ್ನು ನೋಡಬೇಕು. ಸಂರಕ್ಷಣೆ ಎಂದೊಡನೆ ಬಂಡೀಪುರದ ಆನೆ, ನಾಗರಹೊಳೆಯ ಹುಲಿ ಕಣ್ಣಿಗೆ ಬರುವುದು ಸಹಜ. ಬೀದರ್ ಜಿಲ್ಲೆಯದು ಬೇರೆ ಚಿತ್ರ. ಹುಮನಾಬಾದ್ ಕಡೆ ಜಂಬಿಟ್ಟಿಗೆಯ ಕೆಂಪು ದಿಣ್ಣೆ, ಬಸವಕಲ್ಯಾಣದ ಕಡೆ ಕಪ್ಪು ಎರೆ, ನಡುವೆ ಹೊಲಗಳ ಅಂಚಿನಲ್ಲಿ ಉಳಿದ ಕುರುಚಲು ಮತ್ತು ಹುಲ್ಲುಬಯಲು. ಕೃಷ್ಣಮೃಗ, ತೋಳ, ನರಿ, ನವಿಲು ಇಲ್ಲಿಯ ಒಡೆಯರು. ಹುಮನಾಬಾದಿನ ಆಗ್ನೇಯಕ್ಕೆ, ಕಲಬುರಗಿ ಜಿಲ್ಲೆಯಲ್ಲಿರುವ ಚಿಂಚೋಳಿ ವನ್ಯಜೀವಿಧಾಮವನ್ನು 2011ರಲ್ಲಿ ಘೋಷಿಸಲಾಯಿತು. ಅದರ ವಿಸ್ತಾರ 134.88 ಚದರ ಕಿಲೊಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ಧಾಮವೆಂದು ಅದಕ್ಕೆ ಹೆಸರು. ಅದರೊಳಗೆ ಲಂಬಾಣಿ ತಾಂಡಾಗಳೂ ಇವೆ. ಅಂದರೆ ಅಲ್ಲಿ ಕೆಲಸ ಮಾಡುವವರು ಮರ ಎಣಿಸಿದರಷ್ಟೇ ಸಾಲದು, ಜನರೊಂದಿಗೆ ಕುಳಿತು ಮಾತನಾಡಲೂ ಬೇಕು.

ಹಸಿರು ಎಂದರೆ ಗಿಡ ನೆಡುವುದು ಎಂಬ ತಿಳಿವಳಿಕೆಯನ್ನು ಇಲ್ಲಿ ಸ್ವಲ್ಪ ತಿದ್ದಿಕೊಳ್ಳುವುದು ಒಳ್ಳೆಯದು. ಕೃಷ್ಣಮೃಗ ಬಯಲಿನ ಪ್ರಾಣಿ. ದೂರದಿಂದಲೇ ಶತ್ರುವನ್ನು ಕಂಡು ಓಡಿ ಪಾರಾಗುತ್ತದೆ. ಹುಲ್ಲುಗಾವಲಿನಲ್ಲಿ ಒತ್ತಾಗಿ ಗಿಡ ನೆಟ್ಟರೆ ಅದಕ್ಕೆ ಮೇವೂ ಇಲ್ಲ, ನೋಟವೂ ಇಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಿಂದಲೂ ಇದೆ. ಅದರ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರೆಭೂತ ಹಕ್ಕಿ ಈಗ ಇಲ್ಲ. ಜೂನ್ ತಿಂಗಳ ಸಸಿ ನೆಡುವ ಸಮಾರಂಭದಲ್ಲಿ ಯಾರೂ ಹೇಳದ ಪಾಠ ಇದು. ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು ಎಂದು ತಿಳಿಯುವುದಕ್ಕೇ ಓದು ಬೇಕಾಗಿರುವುದು.

ಹತ್ತನೆಯ ತರಗತಿ ಮುಗಿದ ಕೂಡಲೇ

ನಿಜವಾದ ಆಯ್ಕೆ ನಡೆಯುವುದು ಪದವಿಯಲ್ಲಲ್ಲ, ಎಸ್ಸೆಸ್ಸೆಲ್ಸಿ ಮುಗಿದು ಪಿಯು ಕಾಲೇಜಿನ ಅರ್ಜಿ ತುಂಬುವ ದಿನ. ಆಗ ಹುಡುಗರಿಗೆ ವಯಸ್ಸು ಹದಿನಾರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಈ ನಾಲ್ಕನ್ನೂ ತೆಗೆದುಕೊಂಡರೆ ಅರಣ್ಯಶಾಸ್ತ್ರ, ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ, ಎಂಜಿನಿಯರಿಂಗ್, ಸಾಮಾನ್ಯ ಬಿ.ಎಸ್ಸಿ. ಎಲ್ಲ ದಾರಿಗಳೂ ತೆರೆದಿರುತ್ತವೆ. ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ವಿಜ್ಞಾನ ಹಿಡಿದರೆ ಅರಣ್ಯಶಾಸ್ತ್ರ, ಪಶುವೈದ್ಯಕೀಯ ಕೈಬಿಟ್ಟಂತೆಯೇ. ಇನ್ನು ಕಲಾ ವಿಭಾಗ ಸೇರಿದವರಿಗೆ ಗಾರ್ಡ್ ಹುದ್ದೆ ಉಂಟು, ಭೂಗೋಳ ಮತ್ತು ಸಮಾಜಕಾರ್ಯದ ದಾರಿಯೂ ಉಂಟು. ಅಧಿಕಾರಿ ಹುದ್ದೆಗಳ ದಾರಿ ಬಹುಪಾಲು ಇಲ್ಲ.

'ಗಣಿತ ಕಷ್ಟ, ಅದಕ್ಕೇ ಪ್ರಾಣಿಗಳ ಕಡೆ ಹೋಗುತ್ತೇನೆ' ಎನ್ನುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರು ಉಲ್ಲಾಸ ಕಾರಂತರ ಓದಿನ ಹಾದಿಯನ್ನು ಒಮ್ಮೆ ನೋಡಬೇಕು. ಶಿವರಾಮ ಕಾರಂತರ ಮಗನಾದ ಅವರು 1971ರಲ್ಲಿ ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದರು. ಕೃಷಿಯನ್ನೂ ಮಾಡಿದರು. ಆಮೇಲೆ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿಶಾಸ್ತ್ರ ಓದಿ, ಮಂಗಳೂರು ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಮೊದಲು ಹುಲಿಗಳನ್ನು ಹೆಜ್ಜೆ ಗುರುತಿನಿಂದ ಎಣಿಸುವ ಪದ್ಧತಿ ಇತ್ತು. ಕ್ಯಾಮೆರಾದಲ್ಲಿ ಸೆರೆಯಾದ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಒಮ್ಮೆ ಕಂಡದ್ದು ಮತ್ತೆ ಎಷ್ಟು ಬಾರಿ ಕಾಣುತ್ತದೆ ಎಂಬುದರಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ಅವರು ನಾಗರಹೊಳೆಯಲ್ಲಿ ಬಳಸಿ ತೋರಿಸಿದರು. ಅದರ ಬೆನ್ನೆಲುಬು ಸಂಖ್ಯಾಶಾಸ್ತ್ರ. ಬಯಲಿನ ಕೃಷ್ಣಮೃಗ ಎಣಿಸುವುದಕ್ಕೂ ಅದೇ ಬೇಕು. ಗಣಿತದಿಂದ ತಪ್ಪಿಸಿಕೊಂಡು ಕಾಡಿಗೆ ಹೋದರೆ ಅಲ್ಲಿಯೂ ಗಣಿತವೇ ಕಾದಿರುತ್ತದೆ!

ಇಲಾಖೆಯ ಮೆಟ್ಟಿಲುಗಳು

ಅರಣ್ಯ ಇಲಾಖೆಯಲ್ಲಿ ಕೆಳಗಿನ ಮೆಟ್ಟಿಲು ಅರಣ್ಯ ವೀಕ್ಷಕರದು, ಎಸ್ಸೆಸ್ಸೆಲ್ಸಿ ಸಾಕು. ಅದರ ಮೇಲೆ ಗಸ್ತು ತಿರುಗುವ ಅರಣ್ಯ ರಕ್ಷಕ, ಅಂದರೆ ಗಾರ್ಡ್. ಅದಕ್ಕೆ ಪಿಯುಸಿ. ಎತ್ತರ, ಎದೆಯ ಸುತ್ತಳತೆ, ಓಟ, ಜಿಗಿತಗಳ ಪರೀಕ್ಷೆ ಇರುವುದರಿಂದ ಅಂಕಪಟ್ಟಿಯೊಂದಿಗೆ ಮೈಕಟ್ಟೂ ಬೇಕು. ನಗುವವರು ನಗಲಿ, ಒಂದು ಬೀಟಿನ ಹೊಣೆ ಹೊತ್ತು ಬೇಸಿಗೆಯ ಬೆಂಕಿಯನ್ನೂ ರಾತ್ರಿಯ ಕಳ್ಳಬೇಟೆಯನ್ನೂ ತಡೆಯುವವರು ಈ ಮಂದಿಯೇ. ಅವರಿಗಿಂತ ಮೇಲೆ ಉಪ ವಲಯ ಅರಣ್ಯಾಧಿಕಾರಿ, ವಲಯ ಅರಣ್ಯಾಧಿಕಾರಿ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ. ವಲಯ ಅರಣ್ಯಾಧಿಕಾರಿಗಳ ನೇರ ನೇಮಕಾತಿಯಲ್ಲಿ ಒಂದು ಪಾಲನ್ನು ಅರಣ್ಯಶಾಸ್ತ್ರ ಪದವೀಧರರಿಗೇ ಮೀಸಲಿಟ್ಟಿದ್ದಾರೆ. ಈ ಪಾಲು ನಿಯಮ ತಿದ್ದುಪಡಿಯೊಂದಿಗೆ ಏರುಪೇರಾಗಿದೆ. ಅದನ್ನು ವಿರೋಧಿಸಿ ಅರಣ್ಯ ಕಾಲೇಜುಗಳ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದೂ ಉಂಟು.

ಅರಣ್ಯಶಾಸ್ತ್ರದ ನಾಲ್ಕು ವರ್ಷದ ಬಿ.ಎಸ್ಸಿ. ಪದವಿ ರಾಜ್ಯದಲ್ಲಿ ಮುಖ್ಯವಾಗಿ ಎರಡು ಕಡೆ ಸಿಗುತ್ತದೆ. ಒಂದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿರಸಿ ಕಾಲೇಜು, ಇನ್ನೊಂದು ಶಿವಮೊಗ್ಗ ವಿಶ್ವವಿದ್ಯಾಲಯಕ್ಕೆ ಸೇರಿದ ಕೊಡಗಿನ ಪೊನ್ನಂಪೇಟೆ ಕಾಲೇಜು. ಸಿಇಟಿ ಮೂಲಕ ಪ್ರವೇಶ. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಕೃಷಿಯ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ತೊಗರಿ, ಹೆಸರು, ಸೋಯಾ ಬೆಳೆಯುವ ಮನೆಯ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಆದರೂ ಎಷ್ಟೋ ಪಾಲಕರು ಅರ್ಜಿಯ ಆ ಕಲಮನ್ನು ಖಾಲಿ ಬಿಟ್ಟು, ಆಮೇಲೆ ಕಚೇರಿ ಅಲೆಯುತ್ತಾರೆ. ಶಿರಸಿಯಾಗಲಿ ಪೊನ್ನಂಪೇಟೆಯಾಗಲಿ ಹುಮನಾಬಾದಿನಿಂದ ಬಹು ದೂರ, ಮಲೆನಾಡಿನ ಮಳೆ ಬೇರೆ. ಹಾಸ್ಟೆಲ್ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಸೀಟು ಸಿಕ್ಕರೆ ಮಾತ್ರ ದೂರದ ನೆಪ ಹೇಳಿ ಬಿಡಬಾರದು. ಇಲಾಖೆಯ ನೌಕರಿ ಬಯಸುವವರಿಗೆ ಇದಕ್ಕಿಂತ ನೇರ ದಾರಿ ಇಲ್ಲ.

ಸೀಟು ಸಿಗದಿದ್ದರೆ ತಾಲ್ಲೂಕು ಕೇಂದ್ರದ ಸಾಮಾನ್ಯ ಬಿ.ಎಸ್ಸಿ. ಕೀಳೇನಲ್ಲ. ಆದರೆ ವಿಷಯಗಳ ಆಯ್ಕೆಯಲ್ಲಿ ಎಚ್ಚರ ಬೇಕು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಕೂರಲು ಪದವಿಯಲ್ಲಿ ಪಶುಸಂಗೋಪನೆ ಮತ್ತು ಪಶುವೈದ್ಯ ವಿಜ್ಞಾನ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ವಿಷಯ ಇರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಪದವಿ ಇರಬೇಕು. ಇತಿಹಾಸ ಓದಿದ ಪದವೀಧರರು ಐಎಎಸ್ ಬರೆಯಬಹುದು, ಐಎಫ್‌ಎಸ್ ಬರೆಯಲಾರರು. ಪಟ್ಟಿಯಲ್ಲಿ ಪರಿಸರ ವಿಜ್ಞಾನ, ಜೈವಿಕ ತಂತ್ರಜ್ಞಾನ ಎಂಬ ಹೆಸರುಗಳು ಇಲ್ಲ ಎಂಬುದನ್ನು ಗಮನಿಸಬೇಕು. ಕೇಳಲು ಚೆಂದವಾಗಿರುವ ಇಂಥ ವಿಷಯವನ್ನು ಓದುವುದಾದರೆ ಜೊತೆಗೆ ಸಸ್ಯಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಇಟ್ಟುಕೊಂಡರೆ ಬಾಗಿಲು ತೆರೆದೇ ಇರುತ್ತದೆ. ಕಾಲೇಜಿನ ಜಾಹೀರಾತು ಇದನ್ನು ಹೇಳುವುದಿಲ್ಲ.

ವಯಸ್ಸಿನ ಮಿತಿ 21ರಿಂದ 32, ಮೀಸಲಾತಿ ವರ್ಗಗಳಿಗೆ ಸಡಿಲಿಕೆ ಇದೆ. 2013ರಿಂದ ಪೂರ್ವಭಾವಿ ಪರೀಕ್ಷೆ ಐಎಎಸ್‌ನವರದೇ. ಮುಖ್ಯ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕು. ಕನ್ನಡ ಮಾಧ್ಯಮದ ಮಕ್ಕಳು ಇದಕ್ಕೆ ಹೆದರಬೇಕಿಲ್ಲ. ಆದರೆ ಸಿದ್ಧತೆಯನ್ನು ಪದವಿಯ ಮೊದಲ ವರ್ಷದಿಂದಲೇ ಶುರು ಮಾಡಬೇಕು. ಕೊನೆಗೆ ನಡಿಗೆಯ ಪರೀಕ್ಷೆ ಒಂದಿದೆ. ನಾಲ್ಕು ಗಂಟೆಯಲ್ಲಿ ಗಂಡಸರು 25 ಕಿಲೊಮೀಟರ್, ಹೆಂಗಸರು 14 ಕಿಲೊಮೀಟರ್ ನಡೆಯಬೇಕು.

ಸಮವಸ್ತ್ರ ಇಲ್ಲದ ಕೆಲಸಗಳು

ಬೀದರಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ಜಂಬಿಟ್ಟಿಗೆಯ ಪದರದ ಮೂಲಕ ಇಳಿದ ಮಳೆನೀರು ಕೆಳಗಿನ ಗಟ್ಟಿ ಕಪ್ಪುಕಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರನ್ನು ಸುರಂಗ ಕೊರೆದು, ಸಾಲಾಗಿ ಬಾವಿ ತೋಡಿ ಊರಿಗೆ ಹರಿಸಿದ ವ್ಯವಸ್ಥೆ ಅದು. ಹೂಳು ತುಂಬಿ ಮರೆತೇ ಹೋಗಿದ್ದ ನೌಬಾದಿನ ಕರೇಜನ್ನು ಈಚಿನ ವರ್ಷಗಳಲ್ಲಿ ಶುಚಿ ಮಾಡಿದರು. ಅದರ ಜಾಡು ಹಿಡಿದು ನಕ್ಷೆ ಮಾಡಿದ ವಿ. ಗೋವಿಂದನ್‌ಕುಟ್ಟಿ ಅರಣ್ಯಾಧಿಕಾರಿಯೂ ಅಲ್ಲ, ಎಂಜಿನಿಯರೂ ಅಲ್ಲ; ಕೇರಳದ ಕಾಲೇಜೊಂದರ ಭೂಗೋಳ ಅಧ್ಯಾಪಕರು. ಉಪಗ್ರಹ ಚಿತ್ರ ಓದಿ ಕಂಪ್ಯೂಟರಿನಲ್ಲಿ ನಕ್ಷೆ ತಯಾರಿಸುವ ಜಿಐಎಸ್ ವಿದ್ಯೆ ಅವರ ಕೈಯಲ್ಲಿತ್ತು. ಭೂಗೋಳ, ಭೂವಿಜ್ಞಾನ ಓದಿದವರು ಈ ವಿದ್ಯೆ ಕಲಿತರೆ ಜಲಾನಯನ, ಅಂತರ್ಜಲ, ಅರಣ್ಯ ಎಲ್ಲ ಕಡೆಯೂ ಕೆಲಸಕ್ಕೆ ಬರುತ್ತಾರೆ. ಕಾರಂಜಾ, ಚುಳಕಿನಾಲಾ ಜಲಾಶಯಗಳಿಗೆ ಹೂಳು ಎಲ್ಲಿಂದ ಬರುತ್ತದೆ, ಬದು ಎಲ್ಲಿ ಹಾಕಬೇಕು ಎಂದು ಹೇಳುವವರು ಇಂಥವರೇ. ಮಣ್ಣಿನ ಕೆಲಸಕ್ಕೆ ಕೃಷಿ ಪದವಿ ಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜುಗಳು ಈ ಭಾಗಕ್ಕೆ ಹತ್ತಿರ.

ಪಶುವೈದ್ಯಕೀಯಕ್ಕಂತೂ ಬೀದರ್ ನಗರವೇ ವಿಶ್ವವಿದ್ಯಾಲಯದ ನೆಲೆ. ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶ ಇದೆ. ಕಾರ್ಖಾನೆಯ ನೀರು, ಹೊಗೆ ಪರೀಕ್ಷಿಸುವ ಪ್ರಯೋಗಾಲಯಗಳಿಗೆ ರಸಾಯನಶಾಸ್ತ್ರದವರು ಬೇಕು. ಅದೂ ಸಂರಕ್ಷಣೆಯೇ.

ಸಂಶೋಧನೆಯ ಆಸೆ ಇರುವವರಿಗೆ ಡೆಹ್ರಾಡೂನಿನಲ್ಲಿ 1982ರಲ್ಲಿ ಆರಂಭವಾದ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ಎನ್‌ಸಿಬಿಎಸ್, ಕುವೆಂಪು ವಿಶ್ವವಿದ್ಯಾಲಯದ ವನ್ಯಜೀವಿ ವಿಭಾಗಗಳಲ್ಲಿ ಎಂ.ಎಸ್ಸಿ. ಇದೆ. ಮೊದಲೆರಡರಲ್ಲಿ ಸೀಟು ಬೆರಳೆಣಿಕೆಯಷ್ಟು, ಪ್ರವೇಶ ಪರೀಕ್ಷೆ ಕಠಿಣ. ಎಂ.ಎಸ್ಸಿ. ಮುಗಿದ ಮೇಲೂ ಹಲವು ವರ್ಷ ಯೋಜನೆಯಿಂದ ಯೋಜನೆಗೆ ಹಾರುವ ತಾತ್ಕಾಲಿಕ ಕೆಲಸವೇ ಹೆಚ್ಚು. 1968ರಲ್ಲಿ ಶುರುವಾದ ಮೈರಾಡದಂಥ ಸಂಸ್ಥೆಗಳು ಎಂ.ಎಸ್.ಡಬ್ಲ್ಯೂ. ಮತ್ತು ಕೃಷಿ ಪದವೀಧರರನ್ನು ತೆಗೆದುಕೊಳ್ಳುತ್ತವೆ. ಅಲ್ಲಿಯೂ ಹಣ ಇರುವವರೆಗೆ ಹುದ್ದೆ. ಸಾಲ ಮಾಡಿ ಓದಿಸುವ ಮನೆಯವರು ಇದನ್ನು ಮೊದಲೇ ತಿಳಿದಿರಬೇಕು.

'ತುಳಸಿ ಗೌಡ ಯಾವ ಡಿಗ್ರಿ ಓದಿದ್ದರು?' ಎಂದು ಕೇಳುವವರಿದ್ದಾರೆ. ನಿಜ, ಶಾಲೆಗೇ ಹೋಗದ ಅಂಕೋಲಾ ಹೊನ್ನಳ್ಳಿಯ ಆ ತಾಯಿಗೆ 2020ರ ಪದ್ಮಶ್ರೀ ಬಂತು. ಬೀಜ, ಸಸಿಗಳ ಬಗೆಗಿನ ಅವರ ತಿಳಿವಳಿಕೆಗೆ ಅಧಿಕಾರಿಗಳೇ ತಲೆಬಾಗುತ್ತಿದ್ದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆದರೆ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದರು ಎಂಬುದನ್ನೂ ಜೊತೆಗೇ ಹೇಳಬೇಕು. ತಿಳಿವಳಿಕೆಗೆ ಪದವಿ ಬೇಕಿಲ್ಲದಿರಬಹುದು, ಕಾಯಂ ಸಂಬಳಕ್ಕೆ ಬೇಕು.

ಕೊನೆಯದಾಗಿ ಈ ಭಾಗದವರು ಮರೆಯಬಾರದ ಕಾಗದ ಒಂದಿದೆ. ಸಂವಿಧಾನದ 371(ಜೆ) ಕಲಮಿನ ಪ್ರಕಾರ ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯ ಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು ಸ್ಥಳೀಯರಿಗೆ ಮೀಸಲು. ಈ ಭಾಗದ ಹುದ್ದೆಗಳಲ್ಲಿ 'ಸಿ' ದರ್ಜೆಯವಕ್ಕೆ ಶೇ 80, 'ಡಿ' ದರ್ಜೆಯವಕ್ಕೆ ಶೇ 85. ಗಾರ್ಡ್ ಮತ್ತು ವೀಕ್ಷಕರ ಹುದ್ದೆಗಳು ಈ ದರ್ಜೆಗಳಿಗೇ ಸೇರುತ್ತವೆ. ಅರ್ಹತಾ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ ಕಚೇರಿ. ಸಿಇಟಿ ದಾಖಲೆ ಪರಿಶೀಲನೆಯ ಹಿಂದಿನ ದಿನ ಅಲ್ಲಿ ಸಾಲು ನಿಲ್ಲುವ ಬದಲು, ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ವಾರವೇ ಅರ್ಜಿ ಕೊಟ್ಟು, ರೈತ ಕೋಟಾಕ್ಕೆ ಬೇಕಾದ ಪತ್ರಗಳನ್ನೂ ತಹಶೀಲ್ದಾರ್ ಕಚೇರಿಯಿಂದ ತಂದಿಟ್ಟುಕೊಳ್ಳಬೇಕು.