ಬತ್ತಳಿಕೆ ಬರಿದಾದಾಗ



ತೋಳಿನಲ್ಲಿ ಕಸುವಿರುವವನಿಗೆ ದೇವರೇಕೆ, ಭಕ್ತಿಯೆಂಬುದು ಕೈಲಾಗದವರ ಮಾತು ಎಂದು ಕೆಲವರು ಹೇಳುವುದುಂಟು. ದೇವರನ್ನು ನೆನೆದರೆ ಸಾಕು, ನಾವು ಕೈಕಾಲು ಆಡಿಸಬೇಕಾಗಿಲ್ಲ ಎಂದು ನಂಬಿ ಕುಳಿತವರೂ ಉಂಟು. ಈ ಎರಡು ಮಾತುಗಳೂ ಸಲ್ಲವು. ಭಕ್ತಿಗೂ ಆತ್ಮಬಲಕ್ಕೂ ಇರುವ ನಂಟು ಎಂಥದೆಂಬುದನ್ನು ತಿಳಿಯಬೇಕಾದರೆ ಮಹಾಭಾರತದ ವನಪರ್ವದಲ್ಲಿ ಬರುವ ಕಿರಾತಾರ್ಜುನರ ಪ್ರಸಂಗವನ್ನು ನೋಡಬೇಕು.

ಈ ಕಥೆ ನಮ್ಮ ನಾಡಿಗೆ ಹೊಸತಲ್ಲ. ಇದನ್ನು 18 ಸರ್ಗಗಳ ಸಂಸ್ಕೃತ ಮಹಾಕಾವ್ಯವನ್ನಾಗಿ ಬರೆದವನು ಭಾರವಿ. ಆ ಭಾರವಿಯ ಹೆಸರನ್ನು ಕಾಳಿದಾಸನ ಹೆಸರಿನೊಡನೆ ಐಹೊಳೆಯ ಕ್ರಿ.ಶ. 634ರ ಶಾಸನದಲ್ಲಿ ರವಿಕೀರ್ತಿಯು ಸ್ಮರಿಸಿದ್ದಾನೆ. ಪಟ್ಟದಕಲ್ಲಿನ ಪಾಪನಾಥ ದೇವಾಲಯದ ಗೋಡೆಯ ಮೇಲೆ ಶಿಲ್ಪಿಗಳು ಇದನ್ನು ಕಲ್ಲಿನಲ್ಲಿ ಕಡೆದಿದ್ದಾರೆ. ಕುಮಾರವ್ಯಾಸನು ಅರಣ್ಯಪರ್ವದಲ್ಲಿ ಇದನ್ನು ಕನ್ನಡಿಗರ ಮನೆಮಾತಾಗಿಸಿದ್ದಾನೆ.

ಪಾಂಡವರು ರಾಜ್ಯವನ್ನು ಕಳೆದುಕೊಂಡು ಕಾಡು ಸೇರಿದ್ದಾರೆ. ದಿವ್ಯಾಸ್ತ್ರಗಳನ್ನು ಪಡೆಯಲು ಅರ್ಜುನನು ಒಬ್ಬನೇ ಹಿಮಾಲಯಕ್ಕೆ ಹೊರಡುತ್ತಾನೆ. ಇಂದ್ರಕೀಲದಲ್ಲಿ ಇಂದ್ರನು ತಪಸ್ವಿಯ ವೇಷದಲ್ಲಿ ಎದುರಾಗಿ, "ಇದು ಶಾಂತರ ನೆಲೆ, ಇಲ್ಲಿ ಆಯುಧಕ್ಕೇನು ಕೆಲಸ? ಬಿಲ್ಲನ್ನು ಬಿಸುಡು" ಎನ್ನುತ್ತಾನೆ. ಪುಣ್ಯಲೋಕಗಳನ್ನೇ ಕೊಡುತ್ತೇನೆ ಎಂದೂ ಹೇಳುತ್ತಾನೆ. ಅರ್ಜುನ ಅದಕ್ಕೆ ಒಪ್ಪುವುದಿಲ್ಲ. ಅಣ್ಣತಮ್ಮಂದಿರನ್ನು ಕಾಡಿನಲ್ಲಿ ಬಿಟ್ಟು ತಾನೊಬ್ಬನೇ ಸ್ವರ್ಗಸುಖವನ್ನು ಉಣ್ಣುವುದೇ? ಇಲ್ಲಿ ನಾವು ಮೊದಲನೆಯ ಪಾಠವನ್ನು ಕಾಣುತ್ತೇವೆ. ಹೊತ್ತ ಹೊಣೆಯನ್ನು ಇಳಿಸಿ ಓಡಿಹೋಗುವುದು ಭಕ್ತಿಯಲ್ಲ. "ಹಾಗಾದರೆ ಮೊದಲು ಶಿವನನ್ನು ಕಾಣು" ಎಂದು ಇಂದ್ರನೇ ದಾರಿ ತೋರಿಸುತ್ತಾನೆ.

ಅಲ್ಲಿಂದ ಮುಂದೆ ತಪಸ್ಸು. ಮೊದಲ ತಿಂಗಳು ಮೂರು ರಾತ್ರಿಗೊಮ್ಮೆ ಹಣ್ಣು. ಎರಡನೆಯ ತಿಂಗಳು ಆರು ರಾತ್ರಿಗೊಮ್ಮೆ. ಮೂರನೆಯ ತಿಂಗಳು ಹದಿನೈದು ದಿನಕ್ಕೊಮ್ಮೆ ಉದುರಿದ ಎಲೆ. ನಾಲ್ಕನೆಯ ತಿಂಗಳು ಬರಿಯ ಗಾಳಿ. ತೋಳುಗಳನ್ನೆತ್ತಿ, ಕಾಲ ತುದಿಬೆರಳಿನ ಮೇಲೆ ನಿಂತು ತಪಸ್ಸು ಮಾಡಿದನು. ಇಷ್ಟು ಮಾಡಿದವನಿಗೆ ಶಿವನು ಹೂಮಳೆಯ ನಡುವೆ ದರ್ಶನ ಕೊಡಬೇಕಲ್ಲವೇ? ಕೊಡಲಿಲ್ಲ. ಬೇಡನಾಗಿ ಬಂದನು, ಜಗಳಕ್ಕೆ ಬಂದನು.

ಮೂಕನೆಂಬ ದಾನವನು ಹಂದಿಯಾಗಿ ಅರ್ಜುನನ ಮೇಲೆ ಎರಗುತ್ತಾನೆ. ಇಬ್ಬರ ಬಾಣಗಳೂ ಒಮ್ಮೆಗೇ ಹಂದಿಗೆ ನಾಟುತ್ತವೆ. "ನನ್ನ ಬೇಟೆ" ಎಂದು ಇವನು, "ನನ್ನ ಬೇಟೆ" ಎಂದು ಅವನು. ಮಾತಿಗೆ ಮಾತು ಬೆಳೆದು ಕಾಳಗವಾಗುತ್ತದೆ. ಅಗ್ನಿದೇವನು ಕೊಟ್ಟ, ಎಂದೂ ಬರಿದಾಗದ ಬತ್ತಳಿಕೆ ಬರಿದಾಗುತ್ತದೆ. ಗಾಂಡೀವವನ್ನು ಬೇಡನು ಕಿತ್ತುಕೊಳ್ಳುತ್ತಾನೆ. ಖಡ್ಗವು ಅವನ ತಲೆಗೆ ತಾಗಿ ಮುರಿಯುತ್ತದೆ. ಮರ, ಬಂಡೆ, ಕೊನೆಗೆ ಬರಿಯ ಮುಷ್ಟಿ. ಅದೂ ಸೋತು ಅರ್ಜುನನು ಮೂರ್ಛೆ ಹೋಗಿ ನೆಲಕ್ಕೆ ಬೀಳುತ್ತಾನೆ.

ಎಚ್ಚರಾದಾಗ ಅವನ ಬಳಿ ಏನು ಉಳಿದಿತ್ತು? ಬಿದ್ದ ನೆಲದ ಮಣ್ಣೊಂದೇ. ಆ ಮಣ್ಣಿನಿಂದಲೇ ಶಿವಪೂಜೆಯ ನೆಲೆಯನ್ನು ಮಾಡಿ ಹೂಮಾಲೆಯನ್ನು ಏರಿಸಿದನು ಎಂದು ಭಾರತದ ಪ್ರಚಲಿತ ಪಾಠಗಳು ಹೇಳುತ್ತವೆ. ಕಣ್ಣೆತ್ತಿ ನೋಡಿದರೆ ಆ ಮಾಲೆ ಬೇಡನ ತಲೆಯ ಮೇಲಿದೆ! ಯಾರನ್ನು ಕುರಿತು ನಾಲ್ಕು ತಿಂಗಳು ತಪಸ್ಸು ಮಾಡಿದನೋ ಅವನೊಡನೆಯೇ ಇಷ್ಟು ಹೊತ್ತು ಹೊಡೆದಾಡಿದ್ದನು. ಅರ್ಜುನನು ಪಾದಗಳ ಮೇಲೆ ಬಿದ್ದನು.

ಭಾರವಿಯು ಈ ಕೊನೆಯನ್ನು ಬೇರೆ ರೀತಿಯಲ್ಲಿ ಚಿತ್ರಿಸುತ್ತಾನೆ. ಮೇಲಕ್ಕೆ ನೆಗೆದ ಕಿರಾತನ ಕಾಲುಗಳನ್ನು ಅರ್ಜುನನು ಹಿಡಿಯುತ್ತಾನೆ. ಹಗೆಯೆಂದು ಹಿಡಿದದ್ದು ಶಿವನ ಪಾದವೇ ಆಗುತ್ತದೆ. ತಪಸ್ಸಿಗಿಂತಲೂ ಅವನ ಕುಂದದ ಸತ್ತ್ವಕ್ಕೆ ಶಿವನು ಹೆಚ್ಚಾಗಿ ಮೆಚ್ಚಿದನೆಂಬುದು ಆ ಕವಿಯ ಭಾವ.

ಆದುದರಿಂದ ನಾವು ತಿಳಿಯಬೇಕಾದುದಿಷ್ಟು. ಬಿಲ್ಲಿನ ಬಲ ಬಿಲ್ಲಿನೊಡನೆ ಹೋಗುತ್ತದೆ. ತೋಳಿನ ಬಲ ಮುಪ್ಪಿನೊಡನೆ ಹೋಗುತ್ತದೆ. ನಮ್ಮ ಬತ್ತಳಿಕೆಗಳೂ ಬರಿದಾಗುತ್ತವೆ: ಬಾವಿ ಬತ್ತುತ್ತದೆ, ಬೆಳೆ ಕೈಕೊಡುತ್ತದೆ, ಮಕ್ಕಳು ಮಾತು ಕೇಳದಾಗುತ್ತಾರೆ. ಆಗ ಎದ್ದು ಕುಳಿತು, ಕೈಗೆ ಸಿಕ್ಕ ಮಣ್ಣಿನಲ್ಲೇ ಪೂಜೆಗೆ ತೊಡಗುವ ಧೈರ್ಯ ಯಾವುದಿದೆಯೋ ಅದೇ ಆತ್ಮಬಲ. ಭಕ್ತಿಯಿಂದ ಹುಟ್ಟುವ ಬಲವೂ ಅದೇ. ಅನ್ಯಾಯವನ್ನು ಶಿವನಿಚ್ಛೆಯೆಂದು ಸಹಿಸಿಕೊಳ್ಳಬೇಕೆಂದು ಇದರ ಅರ್ಥವಲ್ಲ. ಶಿವನನ್ನು ಕಂಡ ಮೇಲೂ ಅರ್ಜುನನು ಕೌರವರ ಅಧರ್ಮವನ್ನು ಎದುರಿಸುವುದನ್ನು ಬಿಡಲಿಲ್ಲ. ಬಿಡಬೇಕಾದುದು "ನನ್ನ ಬೇಟೆ" ಎಂಬ ಹಮ್ಮನ್ನು.

ಆ ಹಮ್ಮನ್ನು ಬಿಟ್ಟವನ ನಡೆ ಹೇಗಿರಬೇಕೆಂಬುದನ್ನು ಶಿವನೇ ತೋರಿಸುತ್ತಾನೆ. ಪಾಶುಪತವನ್ನು ಕೊಡುವಾಗ, "ಅಲ್ಪಬಲರ ಮೇಲೆ ಇದನ್ನು ಬಿಡಬೇಡ, ಜಗತ್ತೇ ಸುಟ್ಟೀತು" ಎಂದು ಎಚ್ಚರಿಸುತ್ತಾನೆ. ಬಲ ದೊರೆತವನಿಗೆ ತಡೆದುಕೊಳ್ಳುವ ಹೊಣೆಯೂ ದೊರೆಯುತ್ತದೆ.

ಕುರುಕ್ಷೇತ್ರದಲ್ಲಿ ದ್ರೋಣಪರ್ವದ ಕೊನೆಗೆ ಅರ್ಜುನನು ವ್ಯಾಸರ ಮುಂದೆ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತಾನೆ. ಯುದ್ಧದಲ್ಲಿ ತನ್ನ ಮುಂದೆ ಶೂಲ ಹಿಡಿದ, ಬೆಂಕಿಯಂತೆ ಬೆಳಗುವ ಪುರುಷನೊಬ್ಬನು ಸಾಗುತ್ತಿದ್ದನು. ಅವನ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ಹಗೆಗಳನ್ನು ಸುಟ್ಟವನು ಅವನು, ತಾನು ಹಿಂದೆ ನಡೆದೆನಷ್ಟೆ. ಜನರು ಮಾತ್ರ ಅರ್ಜುನನೇ ಗೆದ್ದನೆಂದು ತಿಳಿದರು. ಅವನು ಯಾರು ಎಂದು ಕೇಳಿದಾಗ ವ್ಯಾಸರು ಶಂಕರನೆಂದು ತಿಳಿಸುತ್ತಾರೆ.

"ನನ್ನ ಬೇಟೆ" ಎಂದು ಹೋರಾಡಿದವನ ಬಾಯಲ್ಲಿ ಕೊನೆಗೆ ಬಂದ ಮಾತು "ನಾನು ಹಿಂದೆ ನಡೆದೆ" ಎಂಬುದು. ಇಂದ್ರಕೀಲದಿಂದ ಕುರುಕ್ಷೇತ್ರದವರೆಗೆ ಅರ್ಜುನನು ನಡೆದ ನಿಜವಾದ ದಾರಿ ಇದು. ಕೈಯಲ್ಲಿ ಕಾಯಕ, ಮುಂದೆ ಶಿವ, ಹಿಂದೆ ನಾವು. ಹೀಗೆ ನಡೆದವರ ಬತ್ತಳಿಕೆ ಬರಿದಾದರೂ ಬಾಳು ಬರಿದಾಗದು.