ಹಳೆಯ ಜೀಪಿನ ಇಂಜಿನು ಅತಿಯಾಗಿ ಕಾಯದಂತೆ ನೋಡಿಕೊಳ್ಳುವ ಬಗೆ

ನಮ್ಮ ಸದಸ್ಯರಲ್ಲಿ ಹಲವರ ಮನೆಯಲ್ಲಿ ಇಂದಿಗೂ ಒಂದು ಹಳೆಯ ಪೆಟ್ರೋಲ್ ಜೀಪು ಇದೆ. ಮಹೀಂದ್ರ ಕಂಪನಿಯವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ಪ್ರಾರಂಭಿಸಿದ ಮೇಲೆ ಮಲೆನಾಡಿನ ತೋಟಗಳಿಗೆ ಹತ್ತಿ ಬಂದ ಗಾಡಿ ಇದು. ಹೊಸ ಕಾರು ಕೊಂಡವರೂ ಇದನ್ನು ಮಾರಲು ಮನಸ್ಸು ಮಾಡುವುದಿಲ್ಲ. ಗೊಬ್ಬರ ಸಾಗಿಸಲು, ಅಡಿಕೆ ಗೊನೆ ಅಂಗಳಕ್ಕೆ ತರಲು, ಕಾಫಿ ಚೀಲ ಹೇರಿಕೊಂಡು ತೋಟದ ಏರು ಹತ್ತಲು ಇದಕ್ಕೆ ಸಮನಾದುದು ಇನ್ನೊಂದಿಲ್ಲವೆಂಬುದು ಅವರ ಅನುಭವ. ಆದರೆ ಇಂಥ ಜೀಪು ಇಟ್ಟವರೆಲ್ಲರ ಬಾಯಲ್ಲೂ ಬರುವ ದೂರು ಒಂದೇ: "ಏರು ಹತ್ತುವಾಗ ಕಾಯ್ತದೆ, ನೀರು ಕುದೀತದೆ."

ಈ ದೂರಿಗೆ ನಾವು ಸಾಮಾನ್ಯವಾಗಿ ಮಾಡುವ ಚಿಕಿತ್ಸೆ ನೀರು ಸುರಿಯುವುದು. ನಾನೂ ಅದನ್ನೇ ಮಾಡಿ ಪೆಟ್ಟು ತಿಂದವನು. ಕೆಲವು ವರ್ಷಗಳ ಹಿಂದೆ ರೊಬಸ್ಟಾ ಕೊಯ್ಲಿನ ನಡುವೆ ಎಂಟು ಚೀಲ ಹೇರಿಕೊಂಡು ಬರುತ್ತಿದ್ದಾಗ ಮನೆಯ ಕೆಳಗಿನ ಏರಿನಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಜೊತೆಗಿದ್ದ ತಮ್ಮ ಅವಸರದಲ್ಲಿ ರೇಡಿಯೇಟರಿನ ಕ್ಯಾಪು ತಿರುಗಿಸಿದ. ಕುದಿನೀರು ಚಿಮ್ಮಿ ಮುಂಗೈಯಿಂದ ಮೊಣಕೈವರೆಗೆ ಸುಟ್ಟುಹೋಯಿತು. ನಾನು ಗಾಬರಿಯಲ್ಲಿ ಪಕ್ಕದ ಹಳ್ಳದಿಂದ ಒಂದು ಕೊಡ ತಣ್ಣೀರು ತಂದು ಹಾಗೆಯೇ ಸುರಿದೆ. ಒಳಗೆಲ್ಲೋ ಟಣ್ಣೆಂದು ಸದ್ದಾಯಿತು. ಇಂಜಿನಿನ ಹೆಡ್ಡು ಸೀಳಿತ್ತು. ಕೊಯ್ಲಿನ ಹದಿನೈದು ದಿನ ಬಾಡಿಗೆ ಗಾಡಿಗೆ ದುಡ್ಡು ತೆತ್ತದ್ದಾಯಿತು, ತಮ್ಮ ಒಂದು ತಿಂಗಳು ಕೈಗೆ ಬಟ್ಟೆ ಸುತ್ತಿಕೊಂಡು ಕೂತದ್ದಾಯಿತು. ಬಿಚ್ಚಿ ನೋಡಿದಾಗ ಇಷ್ಟಕ್ಕೆಲ್ಲ ಕಾರಣ ಸಡಿಲಾಗಿ ಜಾರುತ್ತಿದ್ದ ಒಂದು ಫ್ಯಾನ್ ಬೆಲ್ಟು. ಹತ್ತು ನಿಮಿಷದ ಕೆಲಸ. ಆದುದರಿಂದ ಇಂಜಿನು ಯಾಕೆ ಕಾಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ತಿಳಿದುಕೊಳ್ಳುವುದು ಒಳ್ಳೆಯದು.

ಪೆಟ್ರೋಲು ಉರಿದು ಹುಟ್ಟುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಗಾಡಿಯನ್ನು ಎಳೆಯುತ್ತದೆ. ಉಳಿದದ್ದು ಬಿಸಿ. ಅದರಲ್ಲಿ ಒಂದು ಪಾಲು ಹೊಗೆಕೊಳವೆಯಿಂದ ಹೋಗುತ್ತದೆ, ಹೆಚ್ಚುಕಡಿಮೆ ಅಷ್ಟೇ ದೊಡ್ಡ ಇನ್ನೊಂದು ಪಾಲನ್ನು ನೀರು ಹೊತ್ತು ಹೊರಗೆ ಹಾಕಬೇಕು. ವಿಲ್ಲಿಸ್ ಜೀಪಿನ 2.2 ಲೀಟರಿನ ಹರಿಕೇನ್ ಇಂಜಿನಿನಲ್ಲಿ ಈ ಕೆಲಸಕ್ಕೆ ಇರುವುದು ಹತ್ತು ಹನ್ನೊಂದು ಲೀಟರು ನೀರು. ಪಂಪು ಆ ನೀರನ್ನು ಬ್ಲಾಕಿನೊಳಗೆ ನೂಕುತ್ತದೆ. ಕಾದ ನೀರು ಮೇಲಿನ ಹೋಸಿನಿಂದ ರೇಡಿಯೇಟರಿಗೆ ಬಂದು ಸಣ್ಣ ನಾಳಗಳಲ್ಲಿ ಇಳಿಯುತ್ತದೆ, ಗಾಳಿಗೆ ತಣಿದು ಕೆಳಗಿನ ಹೋಸಿನಿಂದ ಪಂಪಿಗೆ ಮರಳುತ್ತದೆ. ಅಂದರೆ ಅದೇ ನೀರು ಮತ್ತೆ ಮತ್ತೆ ಸುತ್ತುತ್ತಿರಬೇಕು. ಸೋರಿಕೆಯಿಲ್ಲದ ಗಾಡಿಗೆ ದಿನವೂ ನೀರು ಕುಡಿಸುವ ಅಗತ್ಯವೇ ಬೀಳದು. ಪದೇ ಪದೇ ನೀರು ಕೇಳುವ ಜೀಪಿನಲ್ಲಿ ನೀರು ಸುತ್ತುವುದಕ್ಕೋ, ಗಾಳಿ ಹಾಯುವುದಕ್ಕೋ, ಒತ್ತಡ ನಿಲ್ಲುವುದಕ್ಕೋ ಎಲ್ಲೋ ಅಡ್ಡಿ ಇದೆಯೆಂದು ತಿಳಿಯಬೇಕು.

ಒತ್ತಡದ ಮಾತು ನಮ್ಮ ಕಡೆ ವಿಶೇಷವಾಗಿ ಅನ್ವಯಿಸುತ್ತದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಸಾವಿರ ಮೀಟರಿಗಿಂತ ಮೇಲಿರುವ ಚಿಕ್ಕಮಗಳೂರು, ಮಡಿಕೇರಿಗಳಲ್ಲಿ 96-97 ಡಿಗ್ರಿಗೇ ಕುದಿ ಬಂದುಬಿಡುತ್ತದೆ. ಬೇಳೆ ಬೇಗ ಬೇಯಲೆಂದು ಕುಕ್ಕರಿಗೆ ಮುಚ್ಚಳ ಬಿಗಿಯುವಂತೆ ರೇಡಿಯೇಟರಿಗೂ ಒತ್ತಡದ ಕ್ಯಾಪು ಬಿಗಿದಿರುವುದು ಇದಕ್ಕಾಗಿಯೇ. ಕ್ಯಾಪಿನ ಮೇಲೆ 7 ಎಂದಿದ್ದರೆ ಚದರ ಅಂಗುಲಕ್ಕೆ 7 ಪೌಂಡ್ ಒತ್ತಡವನ್ನು ಅದು ಹಿಡಿದಿಡುತ್ತದೆಂದು ಅರ್ಥ. ಆಗ ನಮ್ಮ ಎತ್ತರದಲ್ಲೂ ಸುಮಾರು 108 ಡಿಗ್ರಿಯ ತನಕ ನೀರು ಕುದಿಯದು. ಕ್ಯಾಪಿನ ರಬ್ಬರು ಒಣಗಿ ಬಿರುಕು ಬಿಟ್ಟರೆ ಈ ಹತ್ತು ಹನ್ನೆರಡು ಡಿಗ್ರಿಯ ಆಸರೆ ಪೂರ್ತಿ ಹೋಯಿತು. ಹಾಗೆಂದು ಹೆಚ್ಚು ಪೌಂಡಿನ ಕ್ಯಾಪು ಹಾಕಿಸಲೂಬಾರದು, ಹಳೆಯ ಬೆಸುಗೆ ಅದನ್ನು ತಾಳದು. ಕ್ಯಾಪಿನ ನಡುವೆ ಇನ್ನೊಂದು ಪುಟ್ಟ ಕವಾಟವೂ ಇದೆ. ಇಂಜಿನು ತಣಿದಾಗ ಹೊರಗಿನ ಗಾಳಿಯನ್ನು ಒಳಗೆ ಬಿಡುವುದು ಅದರ ಕೆಲಸ. ರಾತ್ರಿ ನಿಲ್ಲಿಸಿದ ಜೀಪಿನ ಮೇಲಿನ ಹೋಸು ಬೆಳಿಗ್ಗೆ ಚಪ್ಪಟೆಯಾಗಿದ್ದರೆ ಆ ಕವಾಟ ಅಂಟಿಕೊಂಡಿದೆ.

ಇನ್ನು ಗಾಳಿಯ ವಿಚಾರ. ರಸ್ತೆಯಲ್ಲಿ ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ತೋಟದ ಏರಿನಲ್ಲಿ ಹಾಗಲ್ಲ. ಜೀಪಿನ ಲೋ ಗೇರು ಹಾಕಿದೊಡನೆ ಚಕ್ರದ ಅದೇ ಸುತ್ತಿಗೆ ಇಂಜಿನು 2.46 ಪಟ್ಟು ಹೆಚ್ಚು ತಿರುಗುತ್ತದೆ. ಗಾಡಿ ಮಾತ್ರ ಮನುಷ್ಯನ ನಡಿಗೆಯ ವೇಗದಲ್ಲಿರುತ್ತದೆ. ಬಿಸಿ ಹೆಚ್ಚು, ಎದುರುಗಾಳಿ ಇಲ್ಲ. ಎಲ್ಲ ಭಾರವೂ ಫ್ಯಾನಿನ ಮೇಲೆ, ಫ್ಯಾನಿನ ಭಾರ ಬೆಲ್ಟಿನ ಮೇಲೆ. ಬೆಲ್ಟು ಜಾರಿದರೆ ಫ್ಯಾನಿನ ಜೊತೆಗೆ ನೀರಿನ ಪಂಪೂ ಸೋಲುತ್ತದೆ.

ಇದು ನಮ್ಮ ಜೀಪಿಗೆ ಮಾತ್ರ ಅಂಟಿದ ರೋಗವಲ್ಲ. ಇಂಗ್ಲೆಂಡಿನ ಜಾಗ್ವಾರ್ ಕಂಪನಿಯವರು 1961ರಲ್ಲಿ ಇ-ಟೈಪ್ ಎಂಬ ಕ್ರೀಡಾ ಕಾರನ್ನು ಹೊರತಂದರು. ಗಂಟೆಗೆ 150 ಮೈಲಿ ಓಡುವುದೆಂದು ಹೆಸರಾದ ಕಾರು. ಉದ್ದನೆಯ ತಗ್ಗಿದ ಮೂತಿ, ಗಾಳಿ ನುಗ್ಗಲು ಮೀನಿನ ಬಾಯಿಯಂಥ ಸಣ್ಣ ಕಿಂಡಿ. ಬಯಲು ರಸ್ತೆಯಲ್ಲಿ ಓಡುತ್ತಿರುವಷ್ಟು ಹೊತ್ತೂ ಇಂಜಿನು ತಂಪಾಗಿಯೇ ಇರುತ್ತದೆ. ಪಟ್ಟಣದ ಇಕ್ಕಟ್ಟಿನಲ್ಲಿ ನಿಂತು ನಿಂತು ಸಾಗಬೇಕಾದಾಗ ಉಷ್ಣಮಾಪಕದ ಮುಳ್ಳು ಏರತೊಡಗುತ್ತದೆ. ಆ ಕಾರಿನಲ್ಲಿ ಫ್ಯಾನು ಬೆಲ್ಟಿನದಲ್ಲ, ವಿದ್ಯುತ್ತಿನದು. ನೀರು ಒಂದು ಮಟ್ಟಕ್ಕೆ ಕಾದಾಗ ಸ್ವಿಚ್ಚು ಅದನ್ನು ತಾನಾಗಿ ಚಾಲೂ ಮಾಡುತ್ತದೆ. ಸ್ವಿಚ್ಚು ಕೆಟ್ಟರೆ, ಮೋಟಾರು ಸೊರಗಿದರೆ ಕುದಿ ಬಂದಂತೆಯೇ. ಈ ಕಾರುಗಳನ್ನು ಇಂದಿಗೂ ಅಕ್ಕರೆಯಿಂದ ಇಟ್ಟುಕೊಂಡವರು ರೇಡಿಯೇಟರು ತೊಳೆಸಿ, ಹೆಚ್ಚು ಬಲದ ಫ್ಯಾನು ಹಾಕಿಸಿ ಅವನ್ನು ಓಡಿಸುತ್ತಾರೆ. ವಾರಕ್ಕೊಮ್ಮೆ ಹೊರಗೆ ತೆಗೆಯುವ ಸೊಗಸಿನ ಕಾರಿಗೂ ಕೆಸರಿನಲ್ಲಿ ದುಡಿಯುವ ನಮ್ಮ ಜೀಪಿಗೂ ತೊಂದರೆ ಒಂದೇ: ಇಂಜಿನು ದುಡಿಯುತ್ತಿದೆ, ಗಾಳಿ ಹಾಯುತ್ತಿಲ್ಲ.

ಆದುದರಿಂದ ಮೊದಲು ನೋಡಬೇಕಾದುದು ದುಡ್ಡು ಖರ್ಚಿಲ್ಲದ ಸಂಗತಿಗಳನ್ನು. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧದಿಂದ ಒಂದು ಅಂಗುಲ ತಗ್ಗಬೇಕು, ಅದಕ್ಕಿಂತ ಹೆಚ್ಚು ತಗ್ಗಿದರೆ ಸಡಿಲ. ಒಳಮೈ ಹೊಳಪು ಬಂದಿದ್ದರೆ ಬಿಗಿ ಮಾಡಿಯೂ ಪ್ರಯೋಜನವಿಲ್ಲ, ಹೊಸದು ಹಾಕಿ. ಅನಂತರ ರೇಡಿಯೇಟರಿನ ಜಾಲರಿ. ಅಲ್ಲಿ ಕೆಸರು, ಹುಲ್ಲಿನ ಬೀಜ, ಸಿಲ್ವರ್ ಓಕ್ ಎಲೆಯ ಚೂರು ಸೇರಿ ಗೋಡೆ ಕಟ್ಟಿರುತ್ತದೆ. ಇಂಜಿನಿನ ಕಡೆಯಿಂದ ಮುಂಭಾಗಕ್ಕೆ ನೀರು ಹಾಯಿಸಿ ತೊಳೆಯಬೇಕು, ಕಸ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಲಿ. ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನ ರಭಸ ಇದಕ್ಕೆ ಕೂಡದು, ತೆಳು ತಗಡುಗಳು ಮಡಚಿಹೋಗುತ್ತವೆ. ಜೀಪಿನ ಮುಂಭಾಗಕ್ಕೆ ಟಾರ್ಪಾಲು, ಹಗ್ಗದ ಸುರುಳಿ ನೇತುಹಾಕುವ ಅಭ್ಯಾಸವಿದ್ದವರು ಅದನ್ನೂ ಬಿಡಬೇಕು.

ಇನ್ನು ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು ನೀರಿನ ಗುಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಾಕಾಯಿತೇ ಎಂದು ನೋಡಲು ಹೊಳೆಯುವ ಕತ್ತಿಯನ್ನು ಅದ್ದಿ ಪರೀಕ್ಷಿಸುತ್ತೇವಷ್ಟೆ. ಕತ್ತಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಅಲ್ಲಿ ನಡೆಯುವುದೇನೆಂದರೆ, ನೀರಿನಲ್ಲಿ ಕರಗಿದ್ದ ತಾಮ್ರ ಕತ್ತಿಯ ಮೇಲೆ ಕೂತು, ಕತ್ತಿಯ ಕಬ್ಬಿಣ ಕರಗಿ ನೀರಿಗೆ ಸೇರುತ್ತದೆ. ಜೀಪಿನ ಹೊಟ್ಟೆಯೊಳಗೂ ಇದೇ ಜೋಡಿ ಇದೆ. ಬ್ಲಾಕು ಕಬ್ಬಿಣದ್ದು, ರೇಡಿಯೇಟರು ತಾಮ್ರ ಹಿತ್ತಾಳೆಗಳದು, ಎರಡನ್ನೂ ತೊಯಿಸುವ ನೀರು ಒಂದೇ. ಕತ್ತಿಯಲ್ಲಿ ಕಂಡಷ್ಟು ರಭಸವಿಲ್ಲದಿದ್ದರೂ ಸವೆತ ವರ್ಷಗಟ್ಟಲೆ ನಡೆಯುತ್ತದೆ. ಸವೆದ ಕಬ್ಬಿಣ ಕೆಂಪು ತುಕ್ಕಾಗಿ ಬ್ಲಾಕಿನ ತಳದಲ್ಲಿ, ರೇಡಿಯೇಟರಿನ ನಾಳಗಳಲ್ಲಿ ಕೆಸರಿನಂತೆ ಕೂರುತ್ತದೆ. ದಿನವೂ ಹೊಸ ನೀರು ಸೇರಿಸಿದರೆ ಅದರೊಂದಿಗೆ ಹೊಸ ಗಾಳಿಯೂ ಲವಣವೂ ಸೇರಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಗಡಸು ಕೊಳವೆಬಾವಿ ನೀರಾದರೆ ಬಚ್ಚಲ ಹಂಡೆಯ ಒಳಮೈಗೆ ಕಟ್ಟುವಂಥದೇ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆ ದಾಟಿ ಬಿಸಿ ಹೊರಬರಲಾರದು. ಔಷಧಿ ಹೊಡೆಯುವ ದಿನ ಮೈಲುತುತ್ತದ ಬಕೆಟ್ಟಿನಲ್ಲೇ ನೀರು ಮೊಗೆದು ರೇಡಿಯೇಟರಿಗೆ ಹಾಕುವವರನ್ನು ಕಂಡಿದ್ದೇನೆ. ಕತ್ತಿಯ ಪರೀಕ್ಷೆ ಬಲ್ಲವರಿಗೆ ಅದರ ಫಲ ಹೇಳಬೇಕಾಗಿಲ್ಲ.

ನಮ್ಮಲ್ಲಿ ಮಳೆನೀರಿಗೆ ಬರವಿಲ್ಲ. ನಾಲ್ಕಾರು ಮಳೆ ಬಿದ್ದು ಸೂರು ತೊಳೆದ ಮೇಲೆ ಹಿಡಿದ ನೀರನ್ನು ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳಬಹುದು. ಇಲ್ಲವೇ ಬ್ಯಾಟರಿಗೆ ಹಾಕುವ ನೀರು. ಎರಡು ಪಾಲು ನೀರಿಗೆ ಒಂದು ಪಾಲು ಕೂಲಂಟು ಬೆರೆಸಬೇಕು. ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲವಲ್ಲ, ಕೂಲಂಟು ಯಾಕೆಂದು ಕೇಳುವವರಿದ್ದಾರೆ. ಅದರಲ್ಲಿ ತುಕ್ಕು ತಡೆಯುವ ಲವಣಗಳಿವೆ, ಕುದಿಯುವ ಮಟ್ಟವೂ ಅದರಿಂದ ಕೊಂಚ ಏರುತ್ತದೆ. ತಾಮ್ರ ಹಿತ್ತಾಳೆಯ ಹಳೆಯ ರೇಡಿಯೇಟರಿಗೆ ಹೊಂದುತ್ತದೆಯೇ ಎಂಬುದನ್ನು ಡಬ್ಬಿಯ ಮೇಲೆ ನೋಡಿ ಕೊಳ್ಳಿ, ಎರಡು ಬಗೆಯದನ್ನು ಬೆರೆಸಬೇಡಿ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಬದಲಿಸುವಾಗಲೇ ಒಳಗನ್ನೂ ತೊಳೆಯಬೇಕು. ಇಂಜಿನು ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ತಳದ ಕೊಳಾಯಿಯನ್ನೂ ಬ್ಲಾಕಿನ ಬದಿಯಲ್ಲಿರುವುದನ್ನೂ ತೆರೆಯಿರಿ. ಬ್ಲಾಕಿನದನ್ನು ಬಹಳ ಮಂದಿ ಮುಟ್ಟುವುದೇ ಇಲ್ಲ. ತಂತಿ ಹಾಕಿ ಕೆದಕಿದರೆ ಮೊದಲು ಕೆಂಪು ರಾಡಿ ಬರುತ್ತದೆ. ಎರಡೂ ಹೋಸು ಬಿಚ್ಚಿ, ತೋಟಕ್ಕೆ ನೀರು ಬಿಡುವ ಪೈಪನ್ನು ರೇಡಿಯೇಟರಿನ ಕೆಳಬಾಯಿಗೆ ಹಿಡಿದು ನೀರನ್ನು ಮೇಲಕ್ಕೆ ಹಾಯಿಸಿ. ಥರ್ಮೋಸ್ಟ್ಯಾಟು ತೆಗೆದು ಬ್ಲಾಕಿಗೂ ಹಾಗೆಯೇ, ಮೇಲಿನಿಂದ ಕೆಳಕ್ಕೆ. ಹೊರಬರುವ ನೀರು ತಿಳಿಯಾಗುವ ತನಕ ಬಿಡಬೇಕು. ಕೆಲವರು ಬಟ್ಟೆ ಸೋಡಾ ಹಾಕಿ ತೊಳೆಯುತ್ತಾರೆ. ಕಬ್ಬಿಣ ಮತ್ತು ತಾಮ್ರಕ್ಕೆ ಅದರಿಂದ ಬಾಧೆಯಿಲ್ಲ, ಆದರೆ ಮೇಲೆ ಹೇಳಿದ ಜಾಗ್ವಾರ್ ಇಂಜಿನಿನಂತೆ ಅಲ್ಯೂಮಿನಿಯಂ ಹೆಡ್ಡಿರುವ ಗಾಡಿಗೆ ಸೋಡಾ ಸೋಕಿಸಲೇಬಾರದು. ಇಷ್ಟಾದರೂ ನಾಳ ಕಟ್ಟಿದೆಯೇ ಎಂದು ತಿಳಿಯಲು ಒಂದು ಉಪಾಯವಿದೆ. ಗಾಡಿ ಓಡಿಸಿ ಬಿಸಿಯಾದ ಮೇಲೆ ಇಂಜಿನು ನಿಲ್ಲಿಸಿ, ಮುಂದಿನಿಂದ ಜಾಲರಿಯ ಮೇಲೆ ಅಂಗೈ ಆಡಿಸಿ ನೋಡಿ. ಸುತ್ತ ಬಿಸಿಯಿದ್ದು ಒಂದು ಜಾಗ ತಣ್ಣಗಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ. ಅಂಥದನ್ನು ರೇಡಿಯೇಟರು ರಿಪೇರಿಯವರಿಂದ ಬೆಸುಗೆ ಬಿಚ್ಚಿಸಿ ಸಲಾಕೆ ಹಾಕಿಸಬೇಕು.

ಥರ್ಮೋಸ್ಟ್ಯಾಟಿನ ಬಗ್ಗೆ ನನ್ನದೊಂದು ತಕರಾರಿದೆ. ಗಾಡಿ ಕಾದರೆ ಅದನ್ನು ಕಿತ್ತು ಬಿಸಾಡುವುದು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಒಂದು ಸಂಪ್ರದಾಯವೇ ಆಗಿದೆ. ಅಂಟಿಕೊಂಡು ತೆರೆಯದಿರುವ ಥರ್ಮೋಸ್ಟ್ಯಾಟು ಕಾಯಲು ಕಾರಣವಾಗುವುದು ನಿಜ. ಕಿತ್ತ ಮೇಲೆ ಸಮತಟ್ಟಿನಲ್ಲಿ ಇಂಜಿನು ಬಿಸಿಯೇ ಏರದೆ ಓಡಿ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಎಣ್ಣೆಯಲ್ಲಿ ನೀರಿನಂಶ ನಿಂತು ರಾಡಿಯಾಗುತ್ತದೆ, ಸಿಲಿಂಡರು ಬೇಗ ಸವೆಯುತ್ತದೆ. ಏರಿನಲ್ಲಿ ಕಾಯುವುದು ಮಾತ್ರ ತಪ್ಪುವುದಿಲ್ಲ, ಏಕೆಂದರೆ ಕಟ್ಟಿದ ನಾಳ ಕಟ್ಟಿಯೇ ಇದೆ. ಕೀಳುವ ಮೊದಲು ಪರೀಕ್ಷೆ ಮಾಡಿ. ನೀರಿನ ಪಾತ್ರೆಯಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಡಿ, ಅದರ ಮೇಲೆ ಮುದ್ರಿಸಿದ ಉಷ್ಣಾಂಶದ ಹತ್ತಿರ ಕವಾಟ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿ.

ಕೆಳಗಿನ ಹೋಸು ಮೆತ್ತಗಾಗಿದ್ದರೆ ಪಂಪಿನ ಸೆಳೆತಕ್ಕೆ ಒಳಗೆಳೆದುಕೊಂಡು ದಾರಿ ಮುಚ್ಚುತ್ತದೆ. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ, ಬ್ರೇಕು ಹಿಡಿದುಕೊಂಡಿದ್ದರೂ ಇಂಜಿನು ಕಾಯುತ್ತದೆ. ಎಣ್ಣೆಯ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯಂಥ ಬಣ್ಣ ಕಂಡರೆ, ಹೊರಗೆಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟು ಹೋಗಿರುವ ಸಂಭವವಿದೆ. ಆಗ ಅಂಗಳ ದಾಟಿಸದೆ ಮೆಕ್ಯಾನಿಕನನ್ನು ಕರೆಸಿ.

ದಾರಿಯಲ್ಲಿ ಮುಳ್ಳು ಏರಿದರೆ ನೀರು ಕುದಿಯುವ ತನಕ ಕಾಯಬೇಡಿ. ಏರಿನ ನಡುವೆಯೇ ಆದರೂ ಕಲ್ಲು ಕೊಟ್ಟು ನಿಲ್ಲಿಸಿ. ಹಬೆ ಬರುತ್ತಿಲ್ಲವಾದರೆ ಒಂದೆರಡು ನಿಮಿಷ ಇಂಜಿನನ್ನು ಖಾಲಿ ಓಡಿಸಿದರೆ ಫ್ಯಾನಿನ ಗಾಳಿಗೆ ಮುಳ್ಳು ಇಳಿಯಬಹುದು. ಹಬೆ ಬರುತ್ತಿದ್ದರೆ, ಬೆಲ್ಟು ಕಡಿದಿದ್ದರೆ ತಕ್ಷಣ ಇಂಜಿನು ನಿಲ್ಲಿಸಿ ಬಾನೆಟ್ಟು ಎತ್ತಿಡಿ. ಅರ್ಧ ಗಂಟೆಯಾದರೂ ಕ್ಯಾಪಿಗೆ ಕೈ ಹಾಕಕೂಡದು. ಮೇಲಿನ ಹೋಸನ್ನು ಧಾರಾಳವಾಗಿ ಹಿಡಿಯುವಷ್ಟು ತಣಿದ ಮೇಲೆ ದಪ್ಪ ಗೋಣಿ ಹಾಕಿ, ಮುಖ ಆಚೆ ತಿರುಗಿಸಿ, ಮೊದಲ ಹಂತದ ತನಕ ಮಾತ್ರ ತಿರುಗಿಸಿ ಒತ್ತಡ ಹೊರಬಿಡಿ. ಬಳಿಕ ಪೂರ್ತಿ ತೆಗೆದು, ಇಂಜಿನನ್ನು ಚಾಲೂ ಮಾಡಿ, ನೀರನ್ನು ಲೋಟದಷ್ಟು ಲೋಟದಷ್ಟಾಗಿ ಸೇರಿಸಿ. ಸೀಟಿನ ಕೆಳಗೆ ಐದು ಲೀಟರಿನ ಕ್ಯಾನು ಮತ್ತು ಒಂದು ಹೆಚ್ಚುವರಿ ಬೆಲ್ಟು ಇದ್ದರೆ ಹಳ್ಳಕ್ಕೆ ಓಡುವ ಕೆಲಸವಿಲ್ಲ.

ತೆಗೆದ ಹಳೆಯ ಕೂಲಂಟನ್ನು ಅಂಗಳದಲ್ಲಿ ಚೆಲ್ಲುವುದಾಗಲಿ, ಬಕೆಟ್ಟಿನಲ್ಲಿ ತೆರೆದಿಡುವುದಾಗಲಿ ಮಾಡಬಾರದು. ಅದು ವಿಷ, ರುಚಿಯಲ್ಲಿ ಸಿಹಿ. ನಾಯಿ, ದನಕರುಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಮಕ್ಕಳ ಕೈಗೆ ಸಿಗದಂತೆ ಗುರುತು ಬರೆದಿಟ್ಟು, ಹಳೆಯ ಎಣ್ಣೆ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಇದನ್ನೂ ಸ್ವೀಕರಿಸುವರೇ ಎಂದು ಕೇಳಿ ಕೊಡಿ. ಬಾವಿ, ತೊರೆಗಳ ಹತ್ತಿರವಂತೂ ಸುರಿಯಲೇಬಾರದು.