ಕೆಲಸ ಮುಗಿಸಿ ಕರಗುವ ಸ್ಟೆಂಟ್

ಗೋಕಾಕ, ಮೇಲವಂಕಿ ಕಡೆಯವರಿಗೆ ಘಟಪ್ರಭಾ ಕಾಲುವೆ ಹೊಸದಲ್ಲ. ಕಾಲುವೆಯ ಹಾಸಿನ ಹಿಂದೆ ನೀರು ಸೇರಿ ಒತ್ತಿದರೆ ಹಾಸು ಒಳಕ್ಕೆ ಉಬ್ಬುತ್ತದೆ. ಹರಿವಿನ ದಾರಿ ಕಿರಿದಾಗುತ್ತದೆ. ಹೃದಯಕ್ಕೆ ರಕ್ತ ಒದಗಿಸುವ ಅಪಧಮನಿಯಲ್ಲೂ ಒಮ್ಮೊಮ್ಮೆ ಹೀಗಾಗುತ್ತದೆ. ಗೋಡೆಯ ಪದರಗಳು ತಾವಾಗಿಯೇ ಸೀಳಿ, ನಡುವೆ ರಕ್ತ ತುಂಬಿಕೊಳ್ಳುತ್ತದೆ. ಕೊಳವೆಯಲ್ಲಿ ಹರಿವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅವಲಂಬಿಸಿದೆ. ತ್ರಿಜ್ಯ ಅರ್ಧವಾದರೆ ಅದೇ ಒತ್ತಡದಲ್ಲಿ ಹರಿವು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ಪರಿಣಾಮ, ಹೃದಯಾಘಾತ. ಇದಕ್ಕೆ ತುತ್ತಾಗುವವರಲ್ಲಿ ಹೆಚ್ಚಿನವರು ನಡುವಯಸ್ಸಿನ ಮಹಿಳೆಯರು. ಸಕ್ಕರೆ ಕಾಯಿಲೆ, ಧೂಮಪಾನ ಯಾವುದೂ ಇಲ್ಲದಿರಬಹುದು.

ಲೋಹದ ಸ್ಟೆಂಟ್ ಹಾಕಿದರೆ ಸಾಲದೇ? ತೊಡಕಿದೆ. ಸ್ಟೆಂಟ್ ಅರಳಿಸುವಾಗ ಸಿಕ್ಕಿಬಿದ್ದ ರಕ್ತ ಮುಂದಕ್ಕೆ ಸರಿದು ಸೀಳು ಉದ್ದವಾಗಬಹುದು. ಮುಂದೆ ಆ ರಕ್ತ ಇಂಗಿ ನಾಳ ಅಗಲವಾದಾಗ ಸ್ಟೆಂಟ್ ಸಡಿಲವಾಗಿ ಉಳಿಯಬಹುದು.

ಎರಡನೆಯ ತೊಡಕಿಗೆ ಉತ್ತರವೇ ಕರಗುವ ಸ್ಟೆಂಟ್. ಪಾಲಿಲ್ಯಾಕ್ಟಿಕ್ ಆಮ್ಲದಿಂದ ಮಾಡಿದ ಇದು ಗೋಡೆ ಕೂಡುವವರೆಗೆ ಆಸರೆಯಾಗಿದ್ದು, ನಿಧಾನವಾಗಿ ನೀರಿನೊಡನೆ ವರ್ತಿಸಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ.

ಆದರೆ ಪಾಲಿಮರ್ ಲೋಹದಷ್ಟು ಗಟ್ಟಿಯಲ್ಲ, ಎಳೆ ದಪ್ಪವಿರಬೇಕು. 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ‘ಅಬ್ಸಾರ್ಬ್’ ಸ್ಟೆಂಟಿನ ಎಳೆ ಸುಮಾರು 150 ಮೈಕ್ರೋಮೀಟರ್ ದಪ್ಪ. ಅದರಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಕಂಡುಬಂತು. 2017ರಲ್ಲಿ ಮಾರಾಟ ನಿಂತಿತು. ಅಲ್ಲದೆ ಬಹುತೇಕ ಸೀಳುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಆದ್ದರಿಂದ ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಔಷಧಿ ಕೊಟ್ಟು, ಕಣ್ಣಿಟ್ಟು ಕಾಯುವುದೇ ವೈದ್ಯರ ಮೊದಲ ಆಯ್ಕೆ.

ಕಾಯಬೇಕಾದದ್ದು ಆಸ್ಪತ್ರೆಯಲ್ಲಿ, ಮನೆಯಲ್ಲಲ್ಲ. ನಿಮ್ಮ ತಾಯಿಗೋ ಸಹೋದ್ಯೋಗಿಗೋ ಎದೆನೋವು ಬಂದರೆ ‘ಗ್ಯಾಸ್’ ಎಂದು ತಳ್ಳಿಹಾಕದೆ ಕೂಡಲೇ ಇಸಿಜಿ ಮಾಡಿಸಿ.